ಮುಳ್ಳಯ್ಯನಗಿರಿ ಮಗ್ಗುಲಲ್ಲಿ ಹನಿ ಕಾಫಿ ಒಣಗಿಸಿದ್ದು

ಈ ಸಲದ ಲಾಟು ಹೋಗಿ ದುಡ್ಡು ಕೈಗೆ ಬಂದಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಹನಿ ಅಂದರೆ ಇಂಗ್ಲಿಷಿನ honey, ಹಣ್ಣಿನ ಸಿಪ್ಪೆ ಸುಲಿದು ಬೀಜವನ್ನು ಅಂಟು ಲೋಳೆ ಸಮೇತ ಒಣಗಿಸಿದ ಕಾಫಿ. ನಮ್ಮ ಎತ್ತರದಲ್ಲಿ, ಆ ಮಂಜಿನಲ್ಲಿ ಹನಿ ಆಗುವುದೇ ಇಲ್ಲ ಅಂತ ಐದು ವರ್ಷ ಕೇಳಿಸಿಕೊಂಡಿದ್ದೇನೆ. ಆಗುತ್ತದೆ. ಗಿರಿ ಹೇಳಿದ ಹಾಗೆ ಕೇಳಬೇಕು ಅಷ್ಟೆ.

ತೋಟ ಇರುವುದು ಮುಳ್ಳಯ್ಯನಗಿರಿಯ ಮೂಡಣ ಇಳಿಜಾರಿನಲ್ಲಿ, ನಾಲ್ಕು ಸಾವಿರ ಅಡಿ ಆಸುಪಾಸು. ಗಿರಿಯ ತುದಿ 1,930 ಮೀಟರ್. ಅಂದರೆ ನಮ್ಮ ತಲೆಯ ಮೇಲೆ ಇನ್ನೂ ಎರಡು ಸಾವಿರ ಅಡಿಗಿಂತ ಹೆಚ್ಚು ಗುಡ್ಡ ನಿಂತಿದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆ ದಾಟಿತೋ ಇಲ್ಲವೋ, ಅದರ ನೆರಳು ಕಣದ ಮೇಲೆ ಬಿದ್ದಾಗಿರುತ್ತದೆ. ಕಣ ಹಳ್ಳದ ಪಕ್ಕ, ಅಜ್ಜ ಮಾಡಿಸಿದ್ದು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ನೀರು ಬೇಕಲ್ಲ, ಅದಕ್ಕೇ ಅಲ್ಲಿ. ಲೋಳೆ ತೊಳೆದ ಪಾರ್ಚ್‌ಮೆಂಟಿಗೆ (ಒಳಸಿಪ್ಪೆ ಇರುವ ಬೀಜಕ್ಕೆ) ಆ ಕಣ ಯಾವತ್ತೂ ಮೋಸ ಮಾಡಿಲ್ಲ. ಲೋಳೆ ಸಮೇತ ಒಣಗಿಸಲು ಹೊರಟಾಗಲೇ ಗೊತ್ತಾಗಿದ್ದು.

2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿತು. ಆ ಹುರುಪಿನಲ್ಲಿ ಅದೇ ಕೊಯ್ಲಿಗೆ 795 ಅನ್ನುವ ಅರೇಬಿಕಾ ತಳಿಯ ಬ್ಲಾಕಿನ ಹಣ್ಣು ತೆಗೆದು ಮೊದಲ ಲಾಟು ಹಾಕಿದೆ. ಕಣದಲ್ಲೇ, ಟಾರ್ಪಾಲಿನ ಮೇಲೆ. ಆರನೇ ದಿನ ಹುಳಿ ವಾಸನೆ, ಎಂಟನೇ ದಿನ ಬೂಷ್ಟು. ಮುನ್ನೂರು ಕೆಜಿ ಹತ್ತಿರ ಹೋಯಿತು. ಮರುವರ್ಷ ಅದೇ ಕಣಕ್ಕೆ ಪ್ಲಾಸ್ಟಿಕ್ ಮನೆ ಕಟ್ಟಿಸಿದೆ, ಸುಮಾರು ಒಂದು ಲಕ್ಷದ ಹತ್ತು ಸಾವಿರ ಖರ್ಚು. 2021ರ ಜನವರಿ ಮೊದಲ ವಾರ ಅಕಾಲ ಮಳೆ ಬಂತು ನೋಡಿ, ನೀರೇನೂ ಒಳಗೆ ಬರಲಿಲ್ಲ. ಆದರೆ ಬೀಜದ ಹಬೆಯೇ ಶೀಟಿಗೆ ತಾಗಿ ರಾತ್ರಿಯಿಡೀ ಹನಿಹನಿಯಾಗಿ ತೊಟ್ಟಿಕ್ಕಿತು. ಬೆಳಿಗ್ಗೆ ಒಂದು ಹಿಡಿ ತೆಗೆದರೆ ಬೆರಳು ಬಿಡಿಸಲಾಗದಷ್ಟು ಅಂಟು. ಉಗುರಿನಿಂದ ಸಿಪ್ಪೆ ಬಿಡಿಸಿದರೆ ಒಳಗೆ ಕಪ್ಪು ಗೆರೆ. ಸಿಕ್ಕಿದ ರೇಟಿಗೆ ಕೊಟ್ಟು ಕೈತೊಳೆದುಕೊಂಡೆ.

ಆ ಚಳಿಯಲ್ಲೇ ಮೂರು ಥರ್ಮಾಮೀಟರ್ ತಂದೆ, ರಾತ್ರಿಯ ಕನಿಷ್ಠ ತೋರಿಸುವಂಥವು, ಒಂದೊಂದು ನಾನೂರೋ ಐನೂರೋ. ಒಂದು ಕಣದಲ್ಲಿ, ಒಂದು ಮನೆ ಹತ್ತಿರ, ಇನ್ನೊಂದು ಕಣಕ್ಕಿಂತ ಇನ್ನೂರೈವತ್ತು ಅಡಿ ಮೇಲೆ, ತೋಟ ಮುಗಿದು ಹುಲ್ಲು ಶುರುವಾಗುವ ದಿಣ್ಣೆಯಲ್ಲಿ. ಒಂದು ತಿಂಗಳು ಬೆಳಿಗ್ಗೆ ಆರಕ್ಕೆ ಬರೆದುಕೊಂಡೆ. ಕಣದಲ್ಲಿ ಒಂಬತ್ತು-ಹತ್ತು ಡಿಗ್ರಿ ಇದ್ದ ದಿನ ದಿಣ್ಣೆಯಲ್ಲಿ ಹದಿಮೂರು. ತಣ್ಣನೆ ಗಾಳಿ ರಾತ್ರಿ ನೀರಿನ ಹಾಗೆ ಇಳಿದು ಹಳ್ಳದಲ್ಲಿ ಮಡುಗಟ್ಟುತ್ತದೆ. ಒಂಬತ್ತೂವರೆಗೂ ಕಣದಲ್ಲಿ ಎದುರಿಗೆ ನಿಂತವರು ಕಾಣುವುದಿಲ್ಲ, ಆ ಹೊತ್ತಿಗೆ ದಿಣ್ಣೆಯ ಹುಲ್ಲಿನ ಇಬ್ಬನಿ ಆರಿರುತ್ತದೆ. ಕೋಲಿಗೆ ಬಟ್ಟೆ ಚೂರು ಕಟ್ಟಿ ಗಾಳಿಯನ್ನೂ ನೋಡಿದೆ. ಹತ್ತರಿಂದ ಮೂರರವರೆಗೆ ಒಣ ಮೂಡಣ ಗಾಳಿ, ಹೆಚ್ಚುಕಡಿಮೆ ದಿನವೂ. ಇನ್ನು ದಿಣ್ಣೆಯಲ್ಲೇ ಒಣಗಿಸುತ್ತೇನೆ ಅಂದೆ.

"ಹಳ್ಳದಿಂದ ಹಸಿ ಪಾರ್ಚ್‌ಮೆಂಟ್ ಗುಡ್ಡಕ್ಕೆ ಹೊರ್ತೀಯೇನೋ?" ಅಂದರು ಅಪ್ಪ. ಪಕ್ಕದ ತೋಟದವರು, "ಮಾರಾಯ, ಮುಳ್ಳಯ್ಯನ ಗಾಳಿಗೆ ಒಂದು ಕಾಳೂ ಉಳಿಯಲ್ಲ" ಅಂದರು.

ಗಾಳಿ ವಿಷಯದಲ್ಲಿ ಅವರು ಹೇಳಿದ್ದು ನಿಜವಾಯಿತು. 2021ರ ನವೆಂಬರ್ ಮಳೆಗೆ ಹಣ್ಣು ಗಿಡದಲ್ಲೇ ಒಡೆದು, ಉಳಿದಿದ್ದರಲ್ಲಿ ದಿಣ್ಣೆಯ ಮೇಲೆ ಬೀಜ ಒಣಗಿಸುವ ಆರು ಮಂಚ ಹಾಕಿದ್ದೆ. ಅಡಿಕೆ ದಬ್ಬೆ, ಮೇಲೆ ಮೆಶ್, ಮೇಲೆ ಶೇಡ್ ನೆಟ್, ಸೊಂಟದೆತ್ತರ. ಜನವರಿಯ ಒಂದು ರಾತ್ರಿ ಎರಡು ಮಂಚ ಮಗುಚಿದವು. ಹೆಂಗಸರು ಎರಡು ದಿನ ಹುಲ್ಲಿನಿಂದ ಬೀಜ ಆರಿಸಿದರು, ಅದರ ಕೂಲಿಯೇ ಮೂರು ಸಾವಿರ. ಆಮೇಲೆ ಮಂಚದ ಕಾಲು ಕತ್ತರಿಸಿ ಎರಡಡಿಗೆ ಇಳಿಸಿದೆ. ಗಾಳಿಗೆ ಅಡ್ಡ ಇದ್ದದ್ದನ್ನು ಉದ್ದಕ್ಕೆ ತಿರುಗಿಸಿದೆ. ಅಲ್ಲಿಂದ ಒಂದೂ ಮಗುಚಿಲ್ಲ.

2022-23ರಲ್ಲಿ ಕೆಲಸ ಹಿಡಿಯಿತು. ಮೊದಲ ಮೂರು ದಿನ ಒಂದಿಂಚು ದಪ್ಪ, ಗಂಟೆಗೊಮ್ಮೆ ಕೈಯಾಡಿಸುವುದು. ಆಮೇಲೆ ಎರಡಿಂಚು. ಹದಿಮೂರನೇ ದಿನ ತೇವದ ಮೀಟರಿನಲ್ಲಿ ಶೇಕಡ ಹನ್ನೊಂದು. ಕಣದಲ್ಲಾದರೆ ಇಪ್ಪತ್ತು ದಿನಕ್ಕೂ ಬರುತ್ತಿರಲಿಲ್ಲ. ಗಿರಿಯ ನೆರಳು ಬೀಳುವುದಕ್ಕೆ ಎಷ್ಟು ಮುಂಚೆ ರಾಶಿ ಮಾಡುತ್ತೇನೆ, ಅದರ ಮೇಲೆ ಏನು ಹೊದಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಎರಡು ಲಾಟು ಹಾಳುಮಾಡಿಕೊಂಡು ಕಲಿತಿದ್ದು.

ನಡುವೆ ಬೇರೆ ಪ್ರಯೋಗಗಳೂ ಆದವು. ದಿಣ್ಣೆಯ ಬಂಡೆಯ ಮೇಲೆ ನೇರ ಹರಡಿದೆ, ಮಧ್ಯಾಹ್ನದ ಕಾವಿಗೆ ಪಾರ್ಚ್‌ಮೆಂಟ್ ಸಿಪ್ಪೆ ಬಿರಿಯಿತು. ಅದೇ ಬಂಡೆಯಲ್ಲಿ ಮೆಣಸು ಮಾತ್ರ ಚೆನ್ನಾಗಿ ಒಣಗಿತು. ಗಾಳಿ ತಡೆಯಲಿ ಅಂತ ನಮ್ಮ ಗಡಿಯೊಳಗಿನ ಹುಲ್ಲಿನ ಅಂಚಿಗೆ ಅರವತ್ತು ನೇರಳೆ ಸಸಿ ಇಟ್ಟೆ, ಐವತ್ತಕ್ಕೂ ಹೆಚ್ಚು ಸತ್ತವು. ಗಿರಿಯಲ್ಲಿ ಕಾಡು ಇರುವುದು ಗಾಳಿ ತಾಗದ ಮಡಿಕೆಗಳಲ್ಲಿ, ಬಯಲಿಗೆ ಹುಲ್ಲೇ. ಕಣ್ಣೆದುರೇ ಇದ್ದದ್ದನ್ನು ನಾನು ನೋಡಿರಲಿಲ್ಲ. 2022ರ ಮಳೆಗಾಲದ ಕೊನೆಗೆ ಅದೇ ಹುಲ್ಲಿನಂಚಿನಲ್ಲಿ ಕುರಿಂಜಿ ನೀಲಿಯಾಗಿ ಹರಡಿಕೊಂಡಿತು. ಅಲ್ಲಿ ಮತ್ತೆ ಗುದ್ದಲಿ ಹಾಕಿಲ್ಲ.

ಲೆಕ್ಕ ಹೇಳುತ್ತೇನೆ. ಈಗ ಹದಿನಾಲ್ಕು ಮಂಚ, ಒಂದಕ್ಕೆ ನಾಲ್ಕೂವರೆ ಸಾವಿರದಂತೆ. ಪಿಕಪ್ ಹೋಗುವ ಹಾಗೆ ದಾರಿ ಸರಿಮಾಡಿಸಲು ಮೂವತ್ತು ಸಾವಿರ. ಸಾಗಿಸುವುದು, ಕೈಯಾಡಿಸುವುದು ಸೇರಿ ಮೂಟೆಗೆ ಏಳೆಂಟುನೂರು ಹೆಚ್ಚಿಗೆ ಬೀಳುತ್ತದೆ. ಮಾಮೂಲಿ ಪಾರ್ಚ್‌ಮೆಂಟಿಗಿಂತ ಮೂಟೆಗೆ ಮೂರೂವರೆ ಸಾವಿರ ಜಾಸ್ತಿ ಸಿಕ್ಕಿತು, ಇಪ್ಪತ್ತೆರಡು ಮೂಟೆಗೆ. ಕಪ್ಪಿಂಗಿನಲ್ಲಿ, ಅಂದರೆ ರುಚಿ ಪರೀಕ್ಷೆಯಲ್ಲಿ, ನೂರಕ್ಕೆ 84 ದಾಟಿತು. ಪ್ಲಾಸ್ಟಿಕ್ ಮನೆಯ ನಷ್ಟ ಇನ್ನೂ ಪೂರ್ತಿ ತೀರಿಲ್ಲ.

ಗಿರಿಯ ಪಡುವಣ ಮಗ್ಗುಲಿನ ಜಾಗರ ಕಡೆಯವರು ಇದನ್ನು ಹೀಗೇ ನಕಲು ಮಾಡಬೇಡಿ. ನಿಮಗೆ ಗಿರಿ ಮೂಡಲಿಗಿದೆ, ಬೆಳಗಿನ ಬಿಸಿಲು ತಡ, ಸಂಜೆಯದು ಉದ್ದ. ಹರಡುವ ಹೊತ್ತು, ರಾಶಿ ಮಾಡುವ ಹೊತ್ತು ಎರಡೂ ಬದಲಾಗುತ್ತವೆ. ಮೊದಲು ಒಂದು ಜನವರಿ ಪೂರ್ತಿ ಥರ್ಮಾಮೀಟರ್ ನೇತುಹಾಕಿ, ಆಮೇಲೆ ದಬ್ಬೆ ಸೀಳಿಸಿ.