ನಮ್ಮನೆ ಕಂಪ್ಯೂಟರ್ ಎರಡೂವರೆ ವರ್ಷದಿಂದ ಅಂಗಡಿ ಮುಖ ನೋಡಿಲ್ಲ

"ದುಡ್ಡಿನ ಆಂಟಿವೈರಸ್ ಬೇಡ ಅಂದ್ರೆ ಮೂರು ತಿಂಗಳಲ್ಲಿ ಮತ್ತೆ ಇಲ್ಲಿಗೇ ತರ್ತೀರಿ ಸಾರ್" ಎಂದಿದ್ದ ರಿಪೇರಿ ಅಂಗಡಿ ಹುಡುಗ. ಭಾವನೂ ನಕ್ಕಿದ್ದರು. ಹೋದ ತಿಂಗಳು ಅದೇ ಭಾವ ತಮ್ಮ ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಟುಕೊಂಡು ನಮ್ಮನೆಗೆ ಬಂದರು. ಅದಕ್ಕೇ ದುಡ್ಡಿನ ಆಂಟಿವೈರಸ್ ಇಲ್ಲದೆ ನಡೆಸಿದ ಈ ಕಥೆ ಬರೆಯುವ ಧೈರ್ಯ ಬಂತು.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಮನೆಯಲ್ಲೇ ಲಗ್ನಪತ್ರಿಕೆ, ಕರಪತ್ರದ ಡಿಟಿಪಿ ಮಾಡುತ್ತೇನೆ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವ್ ಹಾಕಿದರೆ ಸಾಕು, ಫೋಲ್ಡರೆಲ್ಲ ಮಾಯ, ಬರೀ ಶಾರ್ಟ್‌ಕಟ್. ವರ್ಷಕ್ಕೆ 900ರ ಹಾಗೆ ಮೂರು ವರ್ಷ ಆಂಟಿವೈರಸ್ ಕಟ್ಟಿದೆ. ನಡುವೆ ನಾಲ್ಕು ಸಲ ಫಾರ್ಮ್ಯಾಟ್, ಸಲಕ್ಕೆ 500. ಸಾಲದು ಅಂತ ಒಮ್ಮೆ ಎರಡೆರಡು ಆಂಟಿವೈರಸ್ ಒಟ್ಟಿಗೆ ಹಾಕಿದ್ದೆ. ಸ್ವಿಚ್ ಒತ್ತಿ ಕಾಫಿ ಕುಡಿದು ಬಂದರೂ ಡೆಸ್ಕ್‌ಟಾಪ್ ಬಂದಿರುತ್ತಿರಲಿಲ್ಲ. ಹೊಟ್ಟೆ ಉರಿಯುವುದು ಕೊನೆಯ ಫಾರ್ಮ್ಯಾಟ್ ನೆನೆದರೆ. ಮೂಲೆಯಲ್ಲಿ "5 ವೈರಸ್ ಸಿಕ್ಕಿವೆ" ಅಂತ ಬರುತ್ತಿತ್ತು, ಅದಕ್ಕೇ ಮಾಡಿಸಿದ್ದು. ನೋಡಿದರೆ ಅದು ವೈರಸ್ಸೇ ಅಲ್ಲ. ಮಗಳು ಯಾವುದೋ ಸೈಟಿಗೆ "ಅಲೋ" ಒತ್ತಿದ್ದಳು, ಬ್ರೌಸರ್ ನೋಟಿಫಿಕೇಶನ್ ಅಷ್ಟೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಕ್ಲಿಕ್ಕಿನ ಕೆಲಸಕ್ಕೆ 500 ಕೊಟ್ಟೆ.

ಆಮೇಲೆ ವಿಂಡೋಸ್ ಜೊತೆ ಪುಕ್ಕಟೆ ಬರುವ ಆಂಟಿವೈರಸ್, ಡಿಫೆಂಡರ್, ಒಂದೇ ಸಾಕು ಅಂತ ಕೂತೆ. ಹಳೇ ಆಂಟಿವೈರಸ್ಸನ್ನು ಅದರ ಕಂಪನಿಯ ರಿಮೂವಲ್ ಟೂಲ್ ಹಾಕಿಯೇ ಕಿತ್ತೆ. ಚೂರುಪಾರು ಉಳಿದರೆ ಡಿಫೆಂಡರ್ ಏಳದೇ ಇರಬಹುದು. ಆಗ ಎಕ್ಸ್‌ಕ್ಲೂಶನ್ ಪಟ್ಟಿ, ಅಂದರೆ ಡಿಫೆಂಡರ್ ತಪಾಸಣೆ ಮಾಡದೆ ಬಿಡುವ ಜಾಗಗಳ ಪಟ್ಟಿ, ತೆಗೆದು ನೋಡುತ್ತೇನೆ, ಇಡೀ ಡಿ ಡ್ರೈವ್ ಅದರಲ್ಲಿದೆ! ದುಡ್ಡು ಕೊಡದೆ ಕದ್ದು ಹಾಕಿದ ಕ್ರ್ಯಾಕ್ ಸಾಫ್ಟ್‌ವೇರ್ ಅಳಿಸದಿರಲಿ ಅಂತ ಯಾರೋ ಸೇರಿಸಿದ್ದಾರೆ. ಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಿಟ್ಟ ಹಾಗೆ. ಪಟ್ಟಿ ಖಾಲಿ ಮಾಡಿದೆ, ಕ್ರ್ಯಾಕ್ ಹೋಯಿತು, ಪೇಜ್ ಡಿಸೈನಿಗೆ ಸ್ಕ್ರೈಬಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಕಲಿತೆ. ಎರಡು ತಿಂಗಳು ಒದ್ದಾಡಿದ್ದು ನಿಜ.

ನಿಜವಾಗಿ ಕೆಲಸ ಮಾಡಿದ್ದು ಅಡ್ಮಿನ್ ಅಧಿಕಾರ ಇಲ್ಲದ ಸ್ಟ್ಯಾಂಡರ್ಡ್ ಅಕೌಂಟ್. ಮನೆಯವರೆಲ್ಲ, ನಾನೂ ಸೇರಿ, ಅದರಲ್ಲೇ. ಅಡ್ಮಿನ್ ಪಾಸ್‌ವರ್ಡ್ ಹೆಂಡತಿಗೆ ಮಾತ್ರ ಗೊತ್ತು. ಏನಾದರೂ ಇನ್‌ಸ್ಟಾಲ್ ಮಾಡಬೇಕಾದರೆ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು "ಇದು ಈಗ ಯಾಕ್ರೀ ಬೇಕು?" ಅಂತಾಳೆ. ಹತ್ತರಲ್ಲಿ ಏಳು ಸಲ ನನ್ನ ಹತ್ತಿರ ಉತ್ತರ ಇರುವುದಿಲ್ಲ.

ಗುರುತಿಲ್ಲದ ಪ್ರೋಗ್ರಾಂ ನಮ್ಮ ಫೈಲ್ ತಿದ್ದದಂತೆ ತಡೆಯುವ ಡಿಫೆಂಡರಿನ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಕೂಡ ಆನ್ ಮಾಡಿದೆ. ಮೊದಲ ವಾರ ನರಕ. ರಾತ್ರಿ ಹನ್ನೊಂದಕ್ಕೆ ಲಗ್ನಪತ್ರಿಕೆ ಸೇವ್ ಮಾಡಲು ಹೋದರೆ "ಫೈಲ್ ಸಿಗಲಿಲ್ಲ" ಅನ್ನುತ್ತೆ. ಡಿಸ್ಕ್ ಕೆಟ್ಟಿತು ಅಂದುಕೊಂಡೆ. ಡಿಫೆಂಡರ್ ಏನೇನು ತಡೆಯಿತು ಅಂತ ತೋರಿಸುವ ಪ್ರೊಟೆಕ್ಷನ್ ಹಿಸ್ಟರಿ ನೋಡಿದ ಮೇಲೆ ತಿಳಿಯಿತು, ತಡೆದದ್ದು ಡಿಫೆಂಡರೇ. ಅಲ್ಲೇ ಅನುಮತಿ ಕೊಟ್ಟೆ, ಮುಗಿಯಿತು.

ಸುಮ್ನೆ ಒಂದು ಭಾನುವಾರ ಐಕಾರ್ ಪರೀಕ್ಷೆ ಮಾಡಿದೆ. ಆಂಟಿವೈರಸ್ ಎಚ್ಚರವಾಗಿದೆಯಾ ಅಂತ ನೋಡಲೆಂದೇ ಇರುವ, 68 ಅಕ್ಷರದ ನಿರಪಾಯದ ಸಾಲು ಅದು. ನೋಟ್‌ಪ್ಯಾಡಲ್ಲಿ ಸೇವ್ ಮಾಡಿದ ತಕ್ಷಣ ಹಿಡಿಯಿತು. ಜಿಪ್ ಮಾಡಿ ಸ್ಕ್ಯಾನ್ ಕೊಟ್ಟರೂ ಹಿಡಿಯಿತು. ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿದೆ ನೋಡಿ, ತುಟಿ ಪಿಟಕ್ಕೆನ್ನಲಿಲ್ಲ! ಬಿಚ್ಚಿದ ಮೇಲೆಯೇ ಎಚ್ಚರವಾದದ್ದು. ಕೊರಿಯರ್ ಬಿಲ್ ಅಂತ ಬರುವ ಕಳ್ಳ ಮೇಲ್‌ಗಳಲ್ಲಿ ಜಿಪ್ಪೂ ಅದರ ಪಾಸ್‌ವರ್ಡೂ ಒಟ್ಟಿಗೆ ಯಾಕಿರುತ್ತೆ ಅಂತ ಅವತ್ತು ಹೊಳೆಯಿತು.

ಜೆರಾಕ್ಸ್ ಅಂಗಡಿಗೆ ಒಯ್ಯುವ ಪೆನ್ ಡ್ರೈವ್‌ಗೆ ಬೇರೆಯೇ ಒಂದು ಏರ್ಪಾಡಿದೆ. ಅದನ್ನಿಲ್ಲಿ ಬರೆಯಲ್ಲ. ಮನೆಗೆ ಬಂದರೆ ತೋರಿಸುತ್ತೇನೆ.

ಖರ್ಚು ಅಂದರೆ ಒಂದು ಎಸ್‌ಎಸ್‌ಡಿ (ವೇಗದ ಹೊಸ ಡಿಸ್ಕ್), ಸುಮಾರು 1,800. ಜೊತೆಗೆ ಹಳೇ ಹಾರ್ಡ್‌ಡಿಸ್ಕ್‌ಗೆ 300ರ ಕೇಸ್ ಹಾಕಿ ಬ್ಯಾಕಪ್‌ಗೆ ಇಟ್ಟೆ. ವಾರಕ್ಕೊಮ್ಮೆ ಚುಚ್ಚಿ, ಕಾಪಿ ಆದಮೇಲೆ ಕಿತ್ತು ಬೀರುವಿನಲ್ಲಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತಲ್ಲ, ನನ್ನ ಮೆಷಿನ್ ವಿಂಡೋಸ್ 11 ಎಳೆಯಲ್ಲ. ಇನ್ನೊಂದು ವರ್ಷದ ಸೆಕ್ಯುರಿಟಿ ಅಪ್‌ಡೇಟ್‌ಗೆ ಹೆಸರು ಹಚ್ಚಿಸಿದ್ದೇನೆ. ಆಮೇಲಿನದು ಆಮೇಲೆ.

ಭಾವನ ಲ್ಯಾಪ್‌ಟಾಪ್‌ನ ಎಕ್ಸ್‌ಕ್ಲೂಶನ್ ಪಟ್ಟಿಯಲ್ಲಿ ಸಿ ಡ್ರೈವೇ ಇತ್ತು. "ಯಾರು ಹಾಕಿದ್ದು?" ಎಂದೆ. ಅವರೂ ಹೋಗುತ್ತಿದ್ದದ್ದು ಅದೇ ಅಂಗಡಿಗೆ.