ಅಟ್ಟದ ಸೀಲಿಂಗ್ ಎತ್ತರಿಸುವ ಮುನ್ನ: ಯಾವ ಅಡ್ಡಮರ ಏನನ್ನು ಹಿಡಿದಿದೆ?

ಅಮೆರಿಕದ ಹಳೆಯ ಮರದ ಚೌಕಟ್ಟಿನ ಮನೆಗಳಲ್ಲಿ ಅಟ್ಟವನ್ನು ಕೋಣೆಯಾಗಿಸಲು ಹೊರಟವರಿಗೆ ಮೊದಲು ಅಡ್ಡಿಯಾಗುವುದು ತಲೆಗೆ ತಗಲುವ ಅಡ್ಡಮರಗಳು. ಅವುಗಳನ್ನು ಕತ್ತರಿಸಿ ಒಂದೂವರೆ ಅಡಿ ಮೇಲಕ್ಕೆ ಕೂರಿಸಿದರಾಯಿತು ಎಂಬ ಯೋಚನೆ ಸಹಜವಾದರೂ, ಆ ಮರ ಮಾಡುತ್ತಿರುವ ಕೆಲಸವೇನೆಂದು ಗೊತ್ತಾಗುವವರೆಗೆ ಗರಗಸವನ್ನು ಕೈಗೆತ್ತಿಕೊಳ್ಳಬಾರದು.

ಇಳಿಜಾರಿನ ರಾಫ್ಟರ್‌ಗಳು, ಅಂದರೆ ನಮ್ಮ ಮಲೆನಾಡಿನ ಹಂಚಿನ ಮನೆಯ ಪಕಾಸುಗಳಂಥ ಮರಗಳು, ನೆತ್ತಿಯಲ್ಲಿ ರಿಡ್ಜ್ ಬೋರ್ಡ್ ಎಂಬ ಹಲಗೆಗೆ ಎರಡೂ ಕಡೆಯಿಂದ ಆನಿಕೊಂಡಿರುತ್ತವೆ. ಈ ಹಲಗೆ ಭಾರ ಹೊರುವ ತೊಲೆಯಲ್ಲ. ಆದ್ದರಿಂದ ಹಿಮ ಬಿದ್ದಾಗ ರಾಫ್ಟರ್‌ಗಳ ಬುಡ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ತಡೆಯುವುದು ಬುಡದಿಂದ ಬುಡಕ್ಕೆ ಹಾಯುವ ಜೋಯಿಸ್ಟ್‌ಗಳು, ಅಂದರೆ ಅಟ್ಟದ ನೆಲವನ್ನು ಹೊರುವ ಮರಗಳು, ಅಥವಾ ಗೋಡೆಯ ತಲೆಯಿಂದ ನೆತ್ತಿಯವರೆಗಿನ ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಎದುರುಬದುರಿನ ರಾಫ್ಟರ್‌ಗಳನ್ನು ಕಟ್ಟುವ ಅಡ್ಡಮರಗಳಾದ ರಾಫ್ಟರ್ ಟೈಗಳು. ಮೇಲಿನ ಮೂರನೇ ಒಂದು ಭಾಗದಲ್ಲಿರುವ ಅಡ್ಡಮರವಾದ ಕಾಲರ್ ಟೈ ಬಿರುಗಾಳಿಗೆ ನೆತ್ತಿಯ ಕೂಡು ಬಿಚ್ಚಿಕೊಳ್ಳದಂತೆ ಹಿಡಿಯುತ್ತದೆಯೇ ಹೊರತು ಗೋಡೆಗಳನ್ನಲ್ಲ.

ಹೀಗಾಗಿ ರಾಫ್ಟರ್‌ನ ಬುಡ ಎಲ್ಲಿದೆ ಎಂದು ಮೊದಲು ನೋಡಬೇಕು. ಅದು ಅಟ್ಟದ ನೆಲದ ಮಟ್ಟದಲ್ಲೇ ಇದ್ದು, ನೆಲದ ಜೋಯಿಸ್ಟ್‌ಗಳು ರಾಫ್ಟರ್‌ಗಳಿಗೆ ಸಮಾನಾಂತರವಾಗಿ ಸಾಗಿ ಅವುಗಳಿಗೆ ಭದ್ರವಾಗಿ ಮೊಳೆ ಹೊಡೆಯಲ್ಪಟ್ಟಿದ್ದರೆ, ಗೋಡೆಗಳ ಹಿಡಿತ ಆ ಜೋಯಿಸ್ಟ್‌ಗಳಲ್ಲಿದೆ. ಆಗಲೂ ನಡುವಿನ ಅಡ್ಡಮರ ರಾಫ್ಟರ್ ಬಾಗದಂತೆ ಒಳಗಿನಿಂದ ಒತ್ತುಕೊಟ್ಟಿರಬಹುದಾದ್ದರಿಂದ, ಅದಿಲ್ಲದೆ ರಾಫ್ಟರ್‌ನ ಗಾತ್ರ ಪೂರ್ಣ ಹಾಯ್ವಿಗೆ (ಆಧಾರದಿಂದ ಆಧಾರಕ್ಕಿರುವ ದೂರಕ್ಕೆ) ಸಾಕೇ ಎಂದು ಪರಿಶೀಲಿಸಬೇಕು.

ನಿಜವಾದ ಅಪಾಯವಿರುವುದು ಒಂದೂವರೆ ಅಂತಸ್ತಿನ ಮನೆಗಳಲ್ಲಿ. ಅಲ್ಲಿ ರಾಫ್ಟರ್‌ನ ಬುಡ ನೆಲದ ಜೋಯಿಸ್ಟ್‌ಗಳಿಗಿಂತ ಮೇಲಿರುವುದರಿಂದ ಗೋಡೆಗಳ ಹಿಡಿತ ಅಡ್ಡಮರದಲ್ಲೇ ಇರುತ್ತದೆ. ಅಟ್ಟದ ನೆಲದಿಂದ 4 ಅಡಿ ಎತ್ತರದ ಹೊರಗೋಡೆಯ ಮೇಲೆ ರಾಫ್ಟರ್ ಕುಳಿತಿದೆ, ಮನೆಯ ಅಗಲ 24 ಅಡಿ, ಗೋಡೆಯ ತಲೆಯಿಂದ ನೆತ್ತಿಗೆ 8 ಅಡಿ ಎಂದುಕೊಳ್ಳೋಣ. ಹಿಮವೂ ಮಾಡಿನ ಸ್ವಂತ ತೂಕವೂ ಸೇರಿ ಚದರಡಿಗೆ 40 ಪೌಂಡ್ ಭಾರ, 16 ಅಂಗುಲಕ್ಕೊಂದು ರಾಫ್ಟರ್ ಇದ್ದರೆ, ಬುಡದಲ್ಲೇ ಕಟ್ಟಿದ ಅಡ್ಡಮರದ ಮೇಲೆ ಸುಮಾರು 480 ಪೌಂಡ್ ಎಳೆತ ಬೀಳುತ್ತದೆ. ಅದೇ ಮರ ಮೂರನೇ ಒಂದು ಎತ್ತರದಲ್ಲಿದ್ದರೆ, ಅಂದರೆ ನೆಲದಿಂದ 6 ಅಡಿ 8 ಅಂಗುಲದಲ್ಲಿದ್ದರೆ, ಎಳೆತ 720 ಪೌಂಡ್. ಸೀಲಿಂಗ್ 8 ಅಡಿಗೆ ಬರಲೆಂದು ಇನ್ನೂ ಎತ್ತರಿಸಿದರೆ 960 ಪೌಂಡ್. ಇದರ ಜೊತೆಗೆ ಅಡ್ಡಮರದಿಂದ ಕೆಳಗಿನ ರಾಫ್ಟರ್ ಭಾಗವೂ ಬಾಗತೊಡಗುತ್ತದೆ. ಅಲ್ಲಿನ ವಸತಿ ಕಟ್ಟಡ ಸಂಹಿತೆಯು ಅಡ್ಡಮರ ಮೂರನೇ ಒಂದು ಎತ್ತರದಲ್ಲಿರುವಾಗ ರಾಫ್ಟರ್‌ನ ಅನುಮತಿಸಿದ ಹಾಯ್ವನ್ನು 0.67 ಪಾಲಿಗೆ ಇಳಿಸುವುದು ಈ ಕಾರಣಕ್ಕೆ.

ಅದಕ್ಕಿಂತ ಮೇಲೆ ಹೋಗಲೇಬೇಕೆಂದರೆ ರಿಡ್ಜ್ ಬೋರ್ಡಿನ ಬದಲು ನಿಜವಾದ ರಿಡ್ಜ್ ಬೀಮ್ ಹಾಕುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ನೆತ್ತಿಯನ್ನು ತೊಲೆಯೇ ಹೊತ್ತರೆ ಗೋಡೆಯನ್ನು ತಳ್ಳುವ ಬಲ ಉಳಿಯುವುದಿಲ್ಲ. ಆದರೆ ಮಾಡಿನ ಅರ್ಧ ಭಾರ ಅದರ ಮೇಲೆ ಬರುತ್ತದೆ: ಮೇಲಿನ ಉದಾಹರಣೆಯಲ್ಲಿ ತೊಲೆಯ ಪ್ರತಿ ಅಡಿಗೆ 480 ಪೌಂಡ್, ಉದ್ದ 20 ಅಡಿಯಾದರೆ ಎರಡೂ ತುದಿಗಳಲ್ಲಿ ತಲಾ 4,800 ಪೌಂಡ್. ಈ ಭಾರ ಕಂಬಗಳ ಮೂಲಕ ಅಡಿಪಾಯದವರೆಗೆ ಇಳಿಯಬೇಕು. ಕಂಬ ಕೆಳಗಿನ ಕಿಟಕಿಯ ಮೇಲೆ ಬಂದು ನಿಂತರೆ ಅಲ್ಲಿನ ತೊಲೆಯನ್ನೂ ಬದಲಿಸಬೇಕಾಗುತ್ತದೆ. ಈ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಮಾಡಿ ಸಹಿ ಹಾಕಲಿ. ಬಡಗಿಯ ಅಂದಾಜು ಸಾಲದು.

ಮಾಡು ಕಾರ್ಖಾನೆಯಲ್ಲಿ ತಯಾರಾದ, ಕೂಡುಗಳಲ್ಲಿ ಲೋಹದ ಹಲ್ಲುತಗಡು ಬಡಿದ ಟ್ರಸ್ (ಕಡ್ಡಿಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು) ಆಗಿದ್ದರೆ ಅದರ ಯಾವ ಕಡ್ಡಿಯನ್ನೂ ಕತ್ತರಿಸುವಂತಿಲ್ಲ. ಉಳಿದ ಮನೆಗಳಲ್ಲಿ ಕೆಲಸಕ್ಕೆ ಮುನ್ನ ನೆತ್ತಿಯುದ್ದಕ್ಕೂ ದಾರ ಬಿಗಿದು ಜೋತಿದೆಯೇ ಎಂದೂ, ಗೋಡೆಗೆ ತೂಗುಗುಂಡು ಬಿಟ್ಟು ಹೊರಕ್ಕೆ ವಾಲಿದೆಯೇ ಎಂದೂ ನೋಡಬೇಕು. ಹಿಮವಿಲ್ಲದ ಕಾಲವನ್ನು ಆರಿಸಿಕೊಂಡು, ನೆತ್ತಿಗೆ ತಾತ್ಕಾಲಿಕ ಆಸರೆಗಂಬಗಳನ್ನು ಕೊಟ್ಟು, ಹೊಸ ಆಧಾರ ಪೂರ್ತಿಯಾಗಿ ಕೂತ ಮೇಲಷ್ಟೇ ಹಳೆಯ ಅಡ್ಡಮರಗಳನ್ನು ಒಂದೊಂದಾಗಿ ತೆಗೆಯಬೇಕು.

ಎತ್ತರ ಎಷ್ಟು ಬೇಕೆಂಬುದನ್ನೂ ಮೊದಲೇ ನಿರ್ಧರಿಸಿಕೊಳ್ಳಬೇಕು. ಸಂಹಿತೆಯ ಪ್ರಕಾರ ಇಳಿಜಾರು ಸೀಲಿಂಗಿನ ಕೋಣೆಗೆ ಬೇಕಾದ ಕನಿಷ್ಠ ವಿಸ್ತೀರ್ಣದ ಅರ್ಧದಷ್ಟಾದರೂ 7 ಅಡಿ ಎತ್ತರವಿದ್ದರೆ ಸಾಕು. 5 ಅಡಿಗಿಂತ ತಗ್ಗಿರುವ ಜಾಗ ಲೆಕ್ಕಕ್ಕೆ ಬರುವುದಿಲ್ಲ. ಕೆಲವೇ ಅಂಗುಲಗಳ ಕೊರತೆಯಿದ್ದರೆ ತೊಲೆಯ ಖರ್ಚೇ ಬೇಡವಾಗಬಹುದು. ರಾಫ್ಟರ್‌ಗಳ ನಡುವೆ ಶಾಖನಿರೋಧಕ ತುಂಬಿ ಮಾಡಿಗೆ ಗಾಳಿ ಆಡಿಸುವ ವಿಧಾನ ಅನುಸರಿಸುವುದಾದರೆ, ಮೇಲಿನ ಹಲಗೆಗೂ ಅದಕ್ಕೂ ನಡುವೆ ಕನಿಷ್ಠ 1 ಅಂಗುಲ ಸಂದು ಬಿಡಬೇಕು. ನಗರಾಡಳಿತದ ಇನ್‌ಸ್ಪೆಕ್ಟರ್ ಚೌಕಟ್ಟನ್ನು ಪರಿಶೀಲಿಸುವ ಮುನ್ನ ಡ್ರೈವಾಲ್ (ಒಳಗೋಡೆಗೆ ಹೊಡೆಯುವ ಜಿಪ್ಸಮ್ ಹಲಗೆ) ಮುಚ್ಚಿದರೆ ಅದನ್ನು ಮತ್ತೆ ಬಿಚ್ಚಬೇಕಾಗಿ ಬರಬಹುದು.