ಕುಕ್ ಪ್ರತಿಮೆಯ ಪಕ್ಕದಲ್ಲೊಂದು ದನಿ

ಸಿಡ್ನಿಯ ಹೈಡ್ ಪಾರ್ಕಿನಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್‌ನ ದೊಡ್ಡ ಕಂಚಿನ ಪ್ರತಿಮೆ ಇದೆ. ನಿಲ್ಲಿಸಿದ್ದು 1879ರಲ್ಲಿ. 1770ರಲ್ಲಿ ಈ ನಾಡನ್ನು ಕಂಡುಹಿಡಿದ ಎಂದು ಪೀಠದ ಮೇಲೆ ಕೆತ್ತಿದ್ದಾರೆ. ಹತ್ತಾರು ಸಾವಿರ ವರ್ಷಗಳಿಂದ ಜನ ಬಾಳಿದ ನಾಡನ್ನು ಹೊಸದಾಗಿ ಕಂಡುಹಿಡಿಯೋದು ಹೇಗೆ? ಜಗಳ ಇರುವುದೇ ಇಲ್ಲಿ. 2017ರಲ್ಲಿ ಯಾರೋ ಪೀಠದ ಮೇಲೆ ಸ್ಪ್ರೇ ಪೇಂಟ್‌ನಲ್ಲಿ ಬರೆದೂ ಹೋಗಿದ್ದರು. ಅಸಲಿಗೆ ಕುಕ್ ಈ ಜಾಗದಲ್ಲಿ ಕಾಲಿಟ್ಟವನೇ ಅಲ್ಲ. ಅವನು ಇಳಿದದ್ದು ದಕ್ಷಿಣದ ಬಾಟನಿ ಬೇಯಲ್ಲಿ. ಸಿಡ್ನಿ ಬಂದರನ್ನು ಹಡಗಿನಿಂದಲೇ ನೋಡಿ ಮುಂದೆ ಹೋದ.

ಇದು ಇಲ್ಲಿನ ಮೂಲನಿವಾಸಿಗಳಾದ ಗ್ಯಾಡಿಗಲ್ ಜನರ ನೆಲ. ಅವರ ಹಿರಿಯರೊಬ್ಬರ ಜೊತೆ ಸೇರಿ ನಾವು ಇಲ್ಲಿಗೊಂದು ಎಆರ್ ಆ್ಯಪ್ ಮಾಡಿದೆವು, ಅಂದರೆ ಫೋನಿನ ಕ್ಯಾಮೆರಾದಲ್ಲಿ ಕಾಣುವ ಜಾಗಕ್ಕೆ ಚಿತ್ರ, ದನಿ ಸೇರಿಸುವಂಥದ್ದು. ಅವರನ್ನು ಎಲ್ಲರೂ ಆಂಟಿ ಅಂತಲೇ ಕರೆಯುತ್ತಾರೆ. ಅಲ್ಲಿ ಅದು ಗೌರವದ ಮಾತು, ನನಗಂತೂ ಬಾಯಿಗೆ ಸಲೀಸಾಗಿ ಬಂತು.

ನಮ್ಮ ಹುಡುಗರಿಗೆ ಸ್ಕ್ರೀನಿನಲ್ಲಿ ಪ್ರತಿಮೆಯನ್ನೇ ಮಾಯ ಮಾಡುವ ಆಸೆ. ಆಂಟಿ ಬೇಡ ಎಂದರು. ಅವನು ಅಲ್ಲೇ ನಿಂತಿರಲಿ, ಪಕ್ಕದಲ್ಲಿ ನಾವೂ ಮಾತಾಡೋಣ ಅಂದರು. ಹಾಗಾಗಿ ಚಿತ್ರ ಕಡಿಮೆ, ದನಿ ಜಾಸ್ತಿ ಆಯಿತು. ಫೋನಿಗೂ ಇದೇ ಹಗುರ.

ತಾಂತ್ರಿಕವಾಗಿ ಕಷ್ಟ ಕೊಟ್ಟಿದ್ದು ಕಂಚು. ಬಿಸಿಲಿಗೆ ಹೊಳೆಯುತ್ತದೆ, ಮೋಡ ಬಂದರೆ ಕಪ್ಪಾಗುತ್ತದೆ. ಹೀಗಾಗಿ ಪ್ರತಿಮೆಯನ್ನು ಸ್ಕ್ಯಾನ್ ಮಾಡಿ ಗುರುತು ಹಿಡಿಸುವ ದಾರಿ ಬಿಟ್ಟೆವು. ಬರೀ ಜಿಪಿಎಸ್ ನಂಬಿದರೆ ಕೆಲವು ಮೀಟರ್ ಆಚೀಚೆ ಆಗುತ್ತದೆ. ಕೊನೆಗೆ ಬಳಸಿದ್ದು ಗೂಗಲ್‌ನ ಎಆರ್ ಸಲಕರಣೆ ಎಆರ್‌ಕೋರ್‌ನಲ್ಲಿರುವ ಜಿಯೋಸ್ಪೇಷಿಯಲ್ ಎಪಿಐ. ಅದು ಕ್ಯಾಮೆರಾ ನೋಡಿದ್ದನ್ನು ಸ್ಟ್ರೀಟ್ ವ್ಯೂನ ಬೀದಿ ಚಿತ್ರಗಳಿಂದ ಕಟ್ಟಿದ ನಕ್ಷೆಗೆ ಹೋಲಿಸಿ ಜಾಗ ಹಿಡಿಯುತ್ತದೆ. ಐಫೋನಿನಲ್ಲೂ ನಡೆಯುತ್ತದೆ. ಆದರೆ ಮರ ನೋಡಿದರೆ ಅದಕ್ಕೇನೂ ತಿಳಿಯದು. ಅದಕ್ಕೇ ಮೊದಲು ಪಾರ್ಕಿನ ಪಕ್ಕದ ಕಾಲೇಜ್ ಸ್ಟ್ರೀಟಿನ ಕಟ್ಟಡಗಳ ಕಡೆ ಫೋನ್ ತಿರುಗಿಸಿ ಎಂದು ಜನರಿಗೆ ಹೇಳುತ್ತೇವೆ.

ಕೋಡಿಗಿಂತ ಹೆಚ್ಚು ಸಮಯ ಹಿಡಿದದ್ದು ಯಾವ ಕಥೆ ಯಾರು ಹೇಳಬೇಕು ಎನ್ನುವುದು. ಕುಕ್ ಬಾಟನಿ ಬೇಯಲ್ಲಿ ಇಳಿದಾಗ ಅಲ್ಲಿನ ಗ್ವೀಗಲ್ ಜನರ ಇಬ್ಬರು ಗಂಡಸರು ಅಡ್ಡ ನಿಂತರು, ಅವನ ಕಡೆಯವರು ಬಂದೂಕು ಹಾರಿಸಿದರು, ಆಮೇಲೆ ಅವರ ಈಟಿಗಳನ್ನು ಒಯ್ದರು. ಅದರಲ್ಲಿ ಉಳಿದ ನಾಲ್ಕನ್ನು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು 2024ರಲ್ಲಿ ವಾಪಸ್ ಕೊಟ್ಟಿತು. ನನಗೆ ಇದು ಭಾರೀ ಇಷ್ಟದ ಭಾಗ. ಆದರೆ ಅದು ಗ್ವೀಗಲ್ ಮನೆತನದವರ ಕಥೆ, ಅವರ ಪರವಾಗಿ ತಾನು ಹೇಳಲಾರೆ ಎಂದರು ಆಂಟಿ. ಸುಮ್ನೆ ನಾವೇ ಬರೆದು ಹಾಕುವ ಮಾತಂತೂ ಇಲ್ಲ. ಆ ಜಾಗ ಆ್ಯಪಿನಲ್ಲಿ ಈಗಲೂ ಖಾಲಿ ಇದೆ.

ದನಿಯ ಹಕ್ಕು ಆಂಟಿಯ ಮನೆಯವರದು ಎಂದು ಮೊದಲೇ ಬರೆದುಕೊಂಡೆವು. ಆದಿವಾಸಿ ಕುಟುಂಬಗಳಲ್ಲಿ ಒಬ್ಬರು ತೀರಿಕೊಂಡರೆ ಅವರ ಚಿತ್ರ, ದನಿಗಳನ್ನು ಸ್ವಲ್ಪ ಕಾಲ ನಿಲ್ಲಿಸಿ ಎಂದು ಕೇಳುವುದುಂಟು. ಅದಕ್ಕಾಗಿ ಆಡಿಯೊವನ್ನು ಆ್ಯಪ್ ಒಳಗೆ ತುಂಬಿಲ್ಲ, ಸರ್ವರಿನಲ್ಲಿಟ್ಟಿದ್ದೇವೆ. ಮನೆಯವರೇ ಯಾವಾಗ ಬೇಕಾದರೂ ಆಫ್ ಮಾಡಬಹುದು, ನಮ್ಮನ್ನು ಕೇಳಬೇಕಿಲ್ಲ. ಡೇಟಾ ಖರ್ಚಾಗುತ್ತದೆ ಅಂತ ಪ್ರವಾಸಿಗರು ಗೊಣಗುತ್ತಾರೆ. ಗೊಣಗಲಿ ಬಿಡಿ.